ಸರ್ ಚಾರ್ಲ್ಸ್ ಬೆಲ್

ಮೈಸೂರು ಜಿಲ್ಲೆಯ ನಂಜನಗೂಡಿನ ಪಕ್ಕದಲ್ಲಿ ಹರಿಯುವ ಕಪಿಲಾ ನದಿಯು ಮುಂದೆ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಸಂಗಮದ ಕೆಳಗೆ ನಿಂತು ನೋಡುವವನಿಗೆ ಕಾಣುವುದು ಒಂದೇ ಹೊಳೆ. ಅದರಲ್ಲಿ ಕೊಡಗಿನಿಂದ ಬಂದ ನೀರು ಯಾವುದು, ವೈನಾಡಿನಿಂದ ಬಂದ ನೀರು ಯಾವುದು ಎಂದು ಬೇರ್ಪಡಿಸಿ ಹೇಳಲಾಗದು. ಅದನ್ನು ತಿಳಿಯಬೇಕಾದರೆ ದಡವನ್ನು ಹಿಡಿದು, ಎರಡು ನದಿಗಳೂ ಬೇರೆಬೇರೆಯಾಗಿರುವ ಎಡೆಯವರೆಗೆ ಮೇಲಕ್ಕೆ ನಡೆಯಬೇಕು. ನಮ್ಮ ದೇಹದ ಅನೇಕ ನರಗಳೂ ಇಂತಹವೇ. ಒಂದೇ ಎಳೆಯಂತೆ ತೋರುವ ನರದಲ್ಲಿ ಎರಡು ಬಗೆಯ ಕಾರ್ಯಗಳು ಕೂಡಿ ಸಾಗುತ್ತಿರಬಹುದೆಂದು ಊಹಿಸಿ, ಅವುಗಳ ಮೂಲದ ಕಡೆಗೆ ನಡೆದು ನೋಡಿದ ಮೊದಲಿಗರಲ್ಲಿ ಒಬ್ಬನು ಸ್ಕಾಟ್ಲೆಂಡಿನ ವೈದ್ಯ ಚಾರ್ಲ್ಸ್ ಬೆಲ್.

ಬೆಲ್ ಜನಿಸಿದ್ದು 1774ರ ನವೆಂಬರ್ ತಿಂಗಳಲ್ಲಿ, ಎಡಿನ್‌ಬರೋ ನಗರದಲ್ಲಿ. ತಂದೆ ಕ್ರೈಸ್ತ ಪಾದ್ರಿ. ಚಾರ್ಲ್ಸ್ ಐದು ವರ್ಷದ ಬಾಲಕನಾಗಿದ್ದಾಗಲೇ ಅವರು ತೀರಿಕೊಂಡರು. ಸಂಸಾರದ ಭಾರ ತಾಯಿಯ ಮೇಲೆ ಬಿದ್ದಿತು. ಆಕೆಯೇ ಮಗನ ಮೊದಲ ಗುರುವೂ ಆದಳು. ಚಿತ್ರ ಬರೆಯುವುದನ್ನು ಅವನಿಗೆ ಕಲಿಸಿದವಳು ಆಕೆ. ಅಣ್ಣ ಜಾನ್ ಬೆಲ್ ಹೆಸರಾಂತ ಶಸ್ತ್ರವೈದ್ಯನೂ ಅಂಗರಚನಾಶಾಸ್ತ್ರದ ಬೋಧಕನೂ ಆಗಿದ್ದನು. ಅವನ ಬಳಿಯಲ್ಲಿ ಚಾರ್ಲ್ಸ್ ವೈದ್ಯವಿದ್ಯೆಯನ್ನು ಅಭ್ಯಾಸಮಾಡಿದನು. ತಾಯಿ ಕೊಟ್ಟ ಕುಂಚ, ಅಣ್ಣ ಕೊಟ್ಟ ಕತ್ತಿ ಇವೆರಡೂ ಅವನ ಬಾಳಿನುದ್ದಕ್ಕೂ ಜೊತೆಯಾಗಿ ಉಳಿದವು.

1799ರಲ್ಲಿ ಬೆಲ್ ಎಡಿನ್‌ಬರೋ ಶಸ್ತ್ರವೈದ್ಯರ ಕಾಲೇಜಿನ ಸದಸ್ಯನಾದನು. ಅದೇ ವರ್ಷ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನನು ಯುದ್ಧದಲ್ಲಿ ಮಡಿದನು. ಟಿಪ್ಪುವು ತನ್ನ ಆನೆಯ ಕಣ್ಣಿನ ಬೇನೆ ನಂಜುಂಡೇಶ್ವರನ ಕೃಪೆಯಿಂದ ವಾಸಿಯಾಯಿತೆಂದು ನಂಬಿ, ಆ ದೇವರನ್ನು ಹಕೀಂ ನಂಜುಂಡನೆಂದು ಕರೆದನೆಂಬ ಪ್ರತೀತಿ ನಂಜನಗೂಡಿನಲ್ಲಿ ಇಂದಿಗೂ ಉಂಟು. ಆ ಕಾಲದಲ್ಲಿ ಪೂರ್ವದೇಶಗಳಲ್ಲಾಗಲಿ ಪಶ್ಚಿಮದೇಶಗಳಲ್ಲಾಗಲಿ ಕಣ್ಣು, ಕಿವಿ, ಮುಖಗಳ ಎಷ್ಟೋ ರೋಗಗಳಿಗೆ ಕಾರಣವು ತಿಳಿದಿರಲಿಲ್ಲ. ಮುಖವು ಒಂದು ಪಕ್ಕಕ್ಕೆ ವಾಲುವ ರೋಗವನ್ನು ನಮ್ಮ ಆಯುರ್ವೇದದ ಗ್ರಂಥಗಳು ಅರ್ದಿತವೆಂದು ಹೆಸರಿಸಿ ಲಕ್ಷಣಗಳನ್ನು ವರ್ಣಿಸಿದ್ದವು. ಪರ್ಷಿಯಾದ ವೈದ್ಯರೂ ಅದನ್ನು ಕಂಡಿದ್ದರು. ಆದರೆ ಆ ರೋಗದಲ್ಲಿ ಕೆಡುವ ನರ ಯಾವುದೆಂಬುದನ್ನು ಯಾರೂ ತೋರಿಸಿಕೊಟ್ಟಿರಲಿಲ್ಲ.

ಹುಟ್ಟೂರಿನ ವೈದ್ಯರೊಳಗಿನ ಕಲಹದ ಫಲವಾಗಿ ಬೆಲ್ ಸೋದರರಿಗೆ ಅಲ್ಲಿನ ದೊಡ್ಡ ಆಸ್ಪತ್ರೆಯ ಬಾಗಿಲು ಮುಚ್ಚಿತು. ಚಾರ್ಲ್ಸ್ ಎದೆಗುಂದಲಿಲ್ಲ. 1804ರಲ್ಲಿ ಲಂಡನ್ನಿಗೆ ಹೋಗಿ, ಪರಿಚಯದವರು ವಿರಳವಾಗಿದ್ದ ಆ ಮಹಾನಗರದಲ್ಲಿ ಪಾಠ ಹೇಳಿ ಜೀವನ ಸಾಗಿಸಿದನು. 1806ರಲ್ಲಿ ಚಿತ್ರಕಾರರಿಗಾಗಿ ಒಂದು ಗ್ರಂಥವನ್ನು ಪ್ರಕಟಿಸಿದನು. ಮನುಷ್ಯನು ಅಳುವಾಗ, ನಗುವಾಗ, ಕೋಪಗೊಂಡಾಗ ಮುಖದ ಯಾವ ಯಾವ ಸ್ನಾಯುಗಳು ಅಲುಗುತ್ತವೆಂಬುದನ್ನು ಅದರಲ್ಲಿ ಚಿತ್ರಸಹಿತ ವಿವರಿಸಿದನು. ಈ ಸ್ನಾಯುಗಳಿಗೆ ಆಜ್ಞೆಯನ್ನು ತರುವ ನರ ಯಾವುದೆಂಬ ಪ್ರಶ್ನೆಯೂ ಅವನನ್ನು ಮುಂದೆ ಬಹುಕಾಲ ಕಾಡಿತು.

ಬೆಲ್ ಪುಸ್ತಕಗಳ ನಡುವೆಯೇ ಕುಳಿತವನಲ್ಲ. 1809ರಲ್ಲಿ ಸ್ಪೇನಿನ ಕೊರುನ್ನಾ ಯುದ್ಧದಿಂದ ಹಡಗುಗಳಲ್ಲಿ ಬಂದ ಗಾಯಾಳುಗಳಿಗೆ ಚಿಕಿತ್ಸೆ ಮಾಡಿದನು. 1815ರಲ್ಲಿ ವಾಟರ್ಲೂ ಕದನದ ಸುದ್ದಿ ಬಂದೊಡನೆ ಬ್ರಸೆಲ್ಸ್ ನಗರಕ್ಕೆ ಧಾವಿಸಿ, ಶತ್ರುಪಕ್ಷದ ಫ್ರೆಂಚ್ ಸೈನಿಕರಿಗೆ ಬೆಳಗಿನಿಂದ ಸಂಜೆಯವರೆಗೆ ದಿನಗಟ್ಟಲೆ ಶಸ್ತ್ರಚಿಕಿತ್ಸೆ ನಡೆಸಿದನು. ಆ ಗಾಯಾಳುಗಳ ಚಿತ್ರಗಳನ್ನೂ ಬರೆದನು. ಆ ಚಿತ್ರಗಳು ಯುದ್ಧದ ಕ್ರೌರ್ಯಕ್ಕೆ ಇಂದಿಗೂ ಸಾಕ್ಷಿಯಾಗಿವೆ.

ಅಂದಿನ ನರವಿಜ್ಞಾನದ ಸ್ಥಿತಿಯನ್ನು ಇಲ್ಲಿ ಸ್ವಲ್ಪ ತಿಳಿಯಬೇಕು. ಮಿದುಳಿನಿಂದ ಹೊರಟು ತಲೆಬುರುಡೆಯ ರಂಧ್ರಗಳ ಮೂಲಕ ಹೊರಬರುವ ನರಗಳಿಗೆ ಕಪಾಲ ನರಗಳೆಂದು ಹೆಸರು. ಅವು ಹನ್ನೆರಡು ಜೊತೆಗಳೆಂದು ಜರ್ಮನಿಯ ಸೊಮ್ಮರಿಂಗ್ 1778ರಲ್ಲಿ ಎಣಿಸಿದ್ದನು. ಮೊದಲನೆಯದು ವಾಸನೆಯನ್ನೂ ಎರಡನೆಯದು ನೋಟವನ್ನೂ ಮಿದುಳಿಗೆ ಮುಟ್ಟಿಸುತ್ತವೆ. ಮೂರು, ನಾಲ್ಕು ಮತ್ತು ಆರನೆಯವು ಕಣ್ಣುಗುಡ್ಡೆಯನ್ನು ಹೊರಳಿಸುತ್ತವೆ. ಎಂಟನೆಯದು ಶ್ರವಣಕ್ಕೂ ದೇಹದ ಸಮತೋಲಕ್ಕೂ ಸಂಬಂಧಿಸಿದುದು. ಒಂಬತ್ತು ಮತ್ತು ಹತ್ತನೆಯವು ನುಂಗುವುದಕ್ಕೂ ದನಿಗೂ ಬೇಕು. ಹತ್ತನೆಯದು ಹೃದಯ, ಜಠರಗಳವರೆಗೂ ಇಳಿಯುತ್ತದೆ. ಹನ್ನೊಂದನೆಯದು ಕತ್ತು ಮತ್ತು ಹೆಗಲನ್ನೂ ಹನ್ನೆರಡನೆಯದು ನಾಲಗೆಯನ್ನೂ ಆಡಿಸುತ್ತವೆ.

ಉಳಿದ ಐದನೆಯ ಮತ್ತು ಏಳನೆಯ ನರಗಳು ಮುಖದ ಮೇಲೆ ಹರಡಿಕೊಂಡಿವೆ. ಇವುಗಳ ಕೆಲಸದಲ್ಲಿ ಇರುವ ಭೇದ ಅಂದು ಸ್ಪಷ್ಟವಾಗಿರಲಿಲ್ಲ. ಈ ಅಜ್ಞಾನದ ಬೆಲೆಯನ್ನು ರೋಗಿಗಳು ತೆರಬೇಕಾಗಿತ್ತು. ಮುಖದಲ್ಲಿ ಸಿಡಿಲು ಬಡಿದಂತಹ ಘೋರವಾದ ನೋವು ಬರುವ ಒಂದು ರೋಗವುಂಟು. ಆ ನೋವನ್ನು ಅಡಗಿಸಲೆಂದು ಶಸ್ತ್ರವೈದ್ಯರು ಏಳನೆಯ ನರವನ್ನು ಕತ್ತರಿಸುತ್ತಿದ್ದರು. ಆದರೆ ನೋವನ್ನು ಒಯ್ಯುವ ನರ ಐದನೆಯದು. ಆದುದರಿಂದ ನೋವು ಹಾಗೆಯೇ ಉಳಿಯುತ್ತಿತ್ತು. ಮುಖದ ಅರ್ಧಭಾಗ ಮಾತ್ರ ಚಲನೆಯನ್ನು ಕಳೆದುಕೊಳ್ಳುತ್ತಿತ್ತು.

1811ರಲ್ಲಿ ಬೆಲ್ ಮಿದುಳಿನ ರಚನೆಯನ್ನು ಕುರಿತ ಒಂದು ಕಿರುಹೊತ್ತಗೆಯ ನೂರು ಪ್ರತಿಗಳನ್ನು ಅಚ್ಚು ಹಾಕಿಸಿ ಗೆಳೆಯರಿಗೆ ಹಂಚಿದನು. ಬೆನ್ನುಮೂಳೆಯೊಳಗಿನ ಮಿದುಳುಬಳ್ಳಿಯಿಂದ ಹೊರಡುವ ಪ್ರತಿಯೊಂದು ನರಕ್ಕೂ ಮುಂದಿನದೊಂದು, ಹಿಂದಿನದೊಂದು ಹೀಗೆ ಎರಡು ಬೇರುಗಳಿವೆ. ಕಪಿಲಾ ಕಾವೇರಿಗಳಂತೆ ಅವು ಕೂಡಿ ಒಂದೇ ನರವಾಗುತ್ತವೆ. ಮುಂದಿನ ಬೇರನ್ನು ಮುಟ್ಟಿದಾಗ ಸ್ನಾಯುಗಳು ಸೆಟೆದವು. ಹಿಂದಿನದನ್ನು ಮುಟ್ಟಿದಾಗ ಹಾಗಾಗಲಿಲ್ಲ. ಎರಡು ಬೇರುಗಳ ಕೆಲಸ ಒಂದೇ ಅಲ್ಲವೆಂಬುದು ಅವನಿಗೆ ಹೊಳೆಯಿತು. ಮುಂದೆ 1821ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಮುಖದ ನರಗಳ ವಿಷಯವನ್ನು ಮಂಡಿಸಿದನು. ಕತ್ತೆಯೊಂದರ ಏಳನೆಯ ನರವನ್ನು ಒಂದು ಪಕ್ಕದಲ್ಲಿ ಕತ್ತರಿಸಿದಾಗ ಆ ಪಕ್ಕದ ಮೂಗಿನ ಹೊಳ್ಳೆ ಅಲುಗದಾಯಿತು. ಸ್ಪರ್ಶಜ್ಞಾನ ಮಾತ್ರ ಅಳಿಯಲಿಲ್ಲ. ಮುಖಕ್ಕೆ ಭಾವವನ್ನು ಕೊಡುವುದು ಏಳನೆಯ ನರ, ನೋವನ್ನು ಅರಿಯುವುದು ಐದನೆಯ ನರ ಎಂಬುದು ಹೀಗೆ ಬೆಳಕಿಗೆ ಬಂದಿತು. ಕ್ರಮೇಣ ಶಸ್ತ್ರವೈದ್ಯರು ಆ ವ್ಯರ್ಥವಾದ ಶಸ್ತ್ರಚಿಕಿತ್ಸೆಯನ್ನು ಕೈಬಿಟ್ಟರು.

ಮಹನೀಯರ ಬಾಳಿನಲ್ಲಿಯೂ ಲೋಪಗಳುಂಟು. ಐದನೆಯ ನರದ ಶಾಖೆಯನ್ನು ಕತ್ತರಿಸಿದಾಗ ಕತ್ತೆಯು ಧಾನ್ಯವನ್ನು ತುಟಿಯಿಂದ ಎತ್ತಿಕೊಳ್ಳಲಿಲ್ಲ. ತುಟಿಯ ಚಲನೆಯೇ ನಿಂತಿತೆಂದು ಬೆಲ್ ಬಗೆದನು. ಧಾನ್ಯವು ತುಟಿಗೆ ತಗುಲಿದುದೇ ಆ ಪ್ರಾಣಿಗೆ ತಿಳಿಯಲಿಲ್ಲ, ಆದುದರಿಂದಲೇ ಅದು ಎತ್ತಿಕೊಳ್ಳಲಿಲ್ಲ ಎಂದು ತಿದ್ದಿದವನು ಅವನ ಶಿಷ್ಯನೇ ಆಗಿದ್ದ ಹರ್ಬರ್ಟ್ ಮೇಯೊ. ಬೆನ್ನಿನ ನರಗಳ ಮುಂದಿನ ಬೇರು ಚಲನೆಗೆ, ಹಿಂದಿನ ಬೇರು ಸಂವೇದನೆಗೆ ಎಂಬುದನ್ನು 1822ರಲ್ಲಿ ಸ್ಪಷ್ಟವಾಗಿ ಸಿದ್ಧಪಡಿಸಿದವನು ಫ್ರಾನ್ಸಿನ ಮಜೆಂಡಿ. ಆ ಕೀರ್ತಿಯೆಲ್ಲ ತನ್ನದೇ ಎಂದು ಬೆಲ್ ವಾದಿಸಿದನು. ತನ್ನ ಹಳೆಯ ಬರಹವನ್ನು ಮತ್ತೆ ಅಚ್ಚು ಹಾಕಿಸುವಾಗ ಕೆಲವು ಮಾತುಗಳನ್ನು ಬದಲಾಯಿಸಿದನು. ಇದು ಅವನ ಹಿರಿಮೆಗೆ ತಕ್ಕುದಾಗಿರಲಿಲ್ಲ. ಕಾಲವು ಈ ವಿವಾದವನ್ನು ನ್ಯಾಯವಾಗಿ ಬಗೆಹರಿಸಿತು. ಆ ನಿಯಮವನ್ನು ಇಂದು ಇಬ್ಬರ ಹೆಸರಿನಿಂದಲೂ ಬೆಲ್ ಮಜೆಂಡಿ ನಿಯಮವೆಂದು ಕರೆಯುತ್ತಾರೆ.

ಕಾರಣವು ಸ್ಪಷ್ಟವಾಗಿ ಗೋಚರಿಸದೆ ಏಳನೆಯ ನರವು ಥಟ್ಟನೆ ದುರ್ಬಲವಾಗುವ ರೋಗಕ್ಕೆ ಬೆಲ್ ಪಾಲ್ಸಿ ಎಂದು ಹೆಸರು. ಬೆಲ್ ಕಲಿಸಿಕೊಟ್ಟ ನೋಟದಿಂದ ಇಂದಿಗೂ ಆಗುತ್ತಿರುವ ಉಪಕಾರವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ತಿರುಮಕೂಡಲು ನರಸೀಪುರದ ಆಸ್ಪತ್ರೆಗೆ ಬಾಯಿ ವಾರೆಯಾದ ರೈತನೊಬ್ಬನು ಬಂದನೆಂದು ಭಾವಿಸೋಣ. ಮನೆಯವರು ಲಕ್ವ ಹೊಡೆಯಿತೆಂದು ಕಂಗಾಲಾಗಿರುತ್ತಾರೆ. ವೈದ್ಯರು ಅವನಿಗೆ ಹುಬ್ಬೇರಿಸಲು, ಕಣ್ಣು ಮುಚ್ಚಲು, ಹಲ್ಲು ತೋರಿಸಲು ಹೇಳುತ್ತಾರೆ. ಮುಖದ ಕೆಳಭಾಗ ಮಾತ್ರ ವಾಲಿ, ಹಣೆಯಲ್ಲಿ ನೆರಿಗೆ ಎರಡು ಪಕ್ಕಗಳಲ್ಲಿಯೂ ಮೂಡಿದರೆ ಕೇಡು ಮಿದುಳಿನಲ್ಲಿರುವ ಸಂಭವ ಹೆಚ್ಚು. ಏಕೆಂದರೆ ಹಣೆಗೆ ಮಿದುಳಿನ ಎರಡು ಭಾಗಗಳಿಂದಲೂ ಆಜ್ಞೆ ಬರುತ್ತದೆ. ಹಣೆಯೂ ನೆರಿಗೆಗಟ್ಟದೆ, ಕಣ್ಣೂ ಮುಚ್ಚದೆ ಇದ್ದರೆ ಕೇಡು ಸಾಮಾನ್ಯವಾಗಿ ನರದಲ್ಲಿಯೇ ಇರುತ್ತದೆ. ಆಗ ಮುಚ್ಚಲು ಯತ್ನಿಸಿದ ಕಣ್ಣಿನ ಗುಡ್ಡೆ ಮೇಲಕ್ಕೆ ಹೊರಳುವುದು ಕಾಣುತ್ತದೆ. ಇದನ್ನು ಗುರುತಿಸಿ ವರ್ಣಿಸಿದವನೂ ಬೆಲ್.

ಇತರ ನರಗಳಿಗೂ ಅವುಗಳದೇ ಗುರುತುಗಳಿವೆ. ಮೂರನೆಯದು ಕೆಟ್ಟರೆ ರೆಪ್ಪೆ ಜೋಲುತ್ತದೆ. ಆರನೆಯದು ಕೆಟ್ಟರೆ ಒಂದು ವಸ್ತು ಎರಡಾಗಿ ಕಾಣುತ್ತದೆ. ಹನ್ನೆರಡನೆಯದು ಕೆಟ್ಟರೆ ಚಾಚಿದ ನಾಲಗೆ ದುರ್ಬಲವಾದ ಪಕ್ಕಕ್ಕೆ ವಾಲುತ್ತದೆ. ಇವನ್ನು ನಿರ್ಣಯಿಸುವುದು ವೈದ್ಯರ ಕೆಲಸ. ಮುಖ ವಾಲಿದವರನ್ನು ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯುವುದು ನಮ್ಮ ಕೆಲಸ. ಮಿದುಳಿನ ಆಘಾತವಾದರೆ ಒಂದೊಂದು ನಿಮಿಷವೂ ಅಮೂಲ್ಯ. ಬೆಲ್ ಪಾಲ್ಸಿಯಾದರೂ ಮೊದಲ ಮೂರು ದಿನಗಳೊಳಗೆ ಆರಂಭಿಸಿದ ಔಷಧವೇ ಹೆಚ್ಚು ಫಲಕಾರಿ. ಮುಚ್ಚದ ಕಣ್ಣು ಒಣಗದಂತೆಯೂ ಕಾಪಾಡಬೇಕು. ಆ ರೋಗ ಬಂದವರಲ್ಲಿ ಬಹುಮಂದಿ ಕೆಲವು ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ಗುಣಹೊಂದುತ್ತಾರೆ.

ಬೆಲ್‌ಗೆ 1829ರಲ್ಲಿ ರಾಯಲ್ ಸೊಸೈಟಿಯ ಪದಕವೂ 1831ರಲ್ಲಿ ಸರ್ ಪದವಿಯೂ ದೊರೆತವು. ಹಿಂದೆ ತನ್ನನ್ನು ಹೊರಗಿಟ್ಟ ಎಡಿನ್‌ಬರೋ ನಗರಕ್ಕೆ 1836ರಲ್ಲಿ ಶಸ್ತ್ರವೈದ್ಯದ ಪ್ರಾಧ್ಯಾಪಕನಾಗಿ ಅವನು ಹಿಂದಿರುಗಿದನು. 1842ರ ಏಪ್ರಿಲ್ ತಿಂಗಳಲ್ಲಿ ಲಂಡನ್ನಿಗೆ ಪಯಣಿಸುತ್ತಿದ್ದಾಗ, ದಾರಿಯಲ್ಲಿ ವೂಸ್ಟರ್ ನಗರದ ಸಮೀಪದ ಹ್ಯಾಲೋ ಎಂಬಲ್ಲಿ ಹೃದಯದ ಬೇನೆಯಿಂದ ನಿಧನಹೊಂದಿದನು.

ತಾಯಿಯ ಬಳಿ ಚಿತ್ರ ಕಲಿತ ಬಾಲಕನು ಮನುಷ್ಯನ ಮುಖವನ್ನು ತಾಳ್ಮೆಯಿಂದ ನೋಡುತ್ತ ನೋಡುತ್ತ ಅದರ ಹಿಂದಿನ ನರವನ್ನು ಕಂಡನು. ಅವನು ಎಡವಿದ ಎಡೆಯಲ್ಲಿ ಇತರರು ದಾರಿಯನ್ನು ತಿದ್ದಿದರು. ವಿಜ್ಞಾನವೂ ಒಂದು ಸಂಗಮವೇ. ಅನೇಕರ ಶ್ರಮದ ತೊರೆಗಳು ಕೂಡಿ ಅದು ಹೊಳೆಯಾಗುತ್ತದೆ. ಆ ಹೊಳೆಯ ನೀರು ಕಟ್ಟಕಡೆಗೆ ನೊಂದವರ ಬಾಯಾರಿಕೆಯನ್ನು ತಣಿಸುತ್ತದೆ.