ಹೈನ್ರಿಕ್ ಹರ್ಟ್ಜ್

ಹೈನ್ರಿಕ್ ರುಡಾಲ್ಫ್ ಹರ್ಟ್ಜ್ (ಫೆಬ್ರವರಿ 22, 1857 – ಜನವರಿ 1, 1894) ಜರ್ಮನಿಯ ಭೌತವಿಜ್ಞಾನಿ. ವಿದ್ಯುತ್ಕಾಂತೀಯ ಅಲೆಗಳ ಅಸ್ತಿತ್ವವನ್ನು ಪ್ರಯೋಗದಿಂದ ಸಾಧಿಸಿ ತೋರಿಸಿದವರು ಎಂದೇ ಇವರು ಪ್ರಸಿದ್ಧರು. ಅದೇ ಪ್ರಯೋಗಗಳ ನಡುವೆ, 1887ರಲ್ಲಿ, ದ್ಯುತಿವಿದ್ಯುತ್ ಪರಿಣಾಮವನ್ನೂ ಇವರು ಮೊದಲಿಗೆ ಗುರುತಿಸಿದರು. ಬೆಳಕು ಅಲೆಯೆಂಬ ವಾದಕ್ಕೆ ಕೊನೆಯ ಪುರಾವೆ ಒದಗಿಸಿದವರೇ, ಆ ವಾದಕ್ಕೆ ಸಿಲುಕದ ವಿದ್ಯಮಾನವೊಂದನ್ನೂ ಕಂಡುಹಿಡಿದರು.

ಬಾಲ್ಯ ಮತ್ತು ಶಿಕ್ಷಣ

ಹರ್ಟ್ಜ್ ಹ್ಯಾಂಬರ್ಗ್ ನಗರದಲ್ಲಿ ಜನಿಸಿದರು. ತಂದೆ ಗುಸ್ತಾವ್ ವಕೀಲರಾಗಿದ್ದು ಮುಂದೆ ನಗರದ ಸೆನೆಟರ್ ಆದರು. ತಂದೆಯ ಮನೆತನವು ಯಹೂದಿ ಮೂಲದ್ದಾಗಿದ್ದು ಕ್ರೈಸ್ತಮತಕ್ಕೆ ಪರಿವರ್ತನೆ ಹೊಂದಿತ್ತು. ಬಾಲಕ ಹರ್ಟ್ಜ್ ಅರಬ್ಬೀ ಭಾಷೆಯನ್ನು ಕಲಿತಂತೆಯೇ ಮರಗೆಲಸವನ್ನೂ ಕಲಿತರು; ಉಪಕರಣಗಳನ್ನು ತಾವೇ ರೂಪಿಸಿಕೊಳ್ಳುವ ಕೈಚಳಕ ಮುಂದೆ ಬಹಳ ಉಪಯೋಗಕ್ಕೆ ಬಂದಿತು. ಮೊದಲು ಎಂಜಿನಿಯರಿಂಗ್ ಆರಿಸಿಕೊಂಡಿದ್ದ ಅವರು ಮ್ಯೂನಿಕ್‌ನಲ್ಲಿ ಭೌತವಿಜ್ಞಾನದತ್ತ ಹೊರಳಿ, 1878ರಲ್ಲಿ ಬರ್ಲಿನ್ ಸೇರಿದರು. ಅಲ್ಲಿ ಹೆಲ್ಮ್‌ಹೋಲ್ಟ್ಜ್ ಮತ್ತು ಕಿರ್ಖಾಫ್ ಅವರ ಶಿಷ್ಯರಾಗಿ 1880ರಲ್ಲಿ ಡಾಕ್ಟರೇಟ್ ಪಡೆದರು. ಮ್ಯಾಕ್ಸ್‌ವೆಲ್ಲರ ಸಿದ್ಧಾಂತವನ್ನು ಪ್ರಯೋಗದಿಂದ ಪರೀಕ್ಷಿಸುವಂತೆ ಹೆಲ್ಮ್‌ಹೋಲ್ಟ್ಜ್ ಸೂಚಿಸಿದ್ದರೂ, ಆಗ ಲಭ್ಯವಿದ್ದ ಸಾಧನಗಳಿಂದ ಅದು ಅಸಾಧ್ಯವೆಂದು ಹರ್ಟ್ಜ್ ಕೈಬಿಟ್ಟಿದ್ದರು.

ಕಾರ್ಲ್ಸ್‌ರೂಹೆಯ ಪ್ರಯೋಗಗಳು

1885ರಲ್ಲಿ ಕಾರ್ಲ್ಸ್‌ರೂಹೆಯ ತಾಂತ್ರಿಕ ವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದ ಹರ್ಟ್ಜ್, ಮರುವರ್ಷ ಅಲ್ಲಿನ ಸಹೋದ್ಯೋಗಿಯೊಬ್ಬರ ಮಗಳಾದ ಎಲಿಸಬೆತ್ ಡಾಲ್ ಅವರನ್ನು ವಿವಾಹವಾದರು. ಕೈಬಿಟ್ಟಿದ್ದ ಪ್ರಶ್ನೆಯನ್ನು ಅವರು ಮತ್ತೆ ಕೈಗೆತ್ತಿಕೊಂಡದ್ದು ಈ ಊರಿನಲ್ಲಿಯೇ. ಒಂದು ಕಡೆ ಪ್ರಬಲವಾದ ವಿದ್ಯುತ್ ಕಿಡಿ ಹಾರಿಸಿದರೆ, ದೂರದಲ್ಲಿಟ್ಟ ತಂತಿಯ ಬಳೆಯ ಸಣ್ಣ ಬಿರುಕಿನಲ್ಲಿಯೂ ಕಿಡಿ ಕಾಣಿಸಿಕೊಳ್ಳುತ್ತಿತ್ತು. ಈ ಎರಡನೆಯ ಕಿಡಿ ಅತಿ ಸೂಕ್ಷ್ಮವಾದುದು. ಅದನ್ನು ಸ್ಪಷ್ಟವಾಗಿ ನೋಡಲೆಂದು ಹರ್ಟ್ಜ್ ಆ ಬಿರುಕನ್ನು ಕತ್ತಲ ಪೆಟ್ಟಿಗೆಯಲ್ಲಿ ಮುಚ್ಚಿದರು. ಆಗ ಕಿಡಿಯ ಉದ್ದ ಕುಗ್ಗಿತು.

ಇನ್ನೊಬ್ಬರಾಗಿದ್ದರೆ ಪೆಟ್ಟಿಗೆಯನ್ನು ತೆಗೆದಿಟ್ಟು ಮುಂದುವರಿಯುತ್ತಿದ್ದರೇನೋ. ಹರ್ಟ್ಜ್ ಮೂಲ ಪ್ರಯೋಗವನ್ನೇ ನಿಲ್ಲಿಸಿ ಹಲವು ತಿಂಗಳು ಇದರ ಬೆನ್ನು ಹತ್ತಿದರು. ಪೆಟ್ಟಿಗೆಯ ಭಾಗಗಳನ್ನು ಒಂದೊಂದಾಗಿ ತೆಗೆದು ನೋಡಿದಾಗ, ಎರಡು ಕಿಡಿಗಳ ನಡುವೆ ಇದ್ದ ಫಲಕ ಮಾತ್ರವೇ ಇದಕ್ಕೆ ಕಾರಣವೆಂದು ತಿಳಿಯಿತು. ಅಂದರೆ ಮೊದಲ ಕಿಡಿಯಿಂದ ಬರುವ ಏನೋ ಒಂದು ಎರಡನೆಯ ಕಿಡಿಗೆ ನೆರವಾಗುತ್ತಿತ್ತು. ಗಾಜು ಅದನ್ನು ತಡೆಯುತ್ತಿತ್ತು, ಕ್ವಾರ್ಟ್ಜ್ ತಡೆಯುತ್ತಿರಲಿಲ್ಲ. ಕ್ವಾರ್ಟ್ಜ್ ಪಟ್ಟಕದಿಂದ ಬೆಳಕನ್ನು ಬಿಡಿಸಿ ನೋಡಿ, ಪರಿಣಾಮ ಉಂಟುಮಾಡುವುದು ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳೇ ಎಂದು ಅವರು ನಿರ್ಧರಿಸಿದರು. ಋಣ ವಿದ್ಯುದ್ಧ್ರುವದ ಮೇಲೆ ಕಿರಣ ಬಿದ್ದಾಗ ಪರಿಣಾಮ ಹೆಚ್ಚು ಎಂಬುದನ್ನೂ ಗಮನಿಸಿದರು. ಇಲೆಕ್ಟ್ರಾನ್ ಪತ್ತೆಯಾಗಲು ಇನ್ನೂ 10 ವರ್ಷಗಳಿದ್ದವು. ಆದ್ದರಿಂದ ಯಾವುದೇ ವಿವರಣೆಯನ್ನು ಊಹಿಸದೆ, ಕಂಡದ್ದನ್ನಷ್ಟೇ 1887ರಲ್ಲಿ ಪ್ರಕಟಿಸಿ ಅವರು ಅಲೆಗಳ ಪ್ರಯೋಗಕ್ಕೆ ಮರಳಿದರು. ಆ ಅಲೆಗಳು ಬೆಳಕಿನಂತೆಯೇ ಪ್ರತಿಫಲನ ಹಾಗೂ ವಕ್ರೀಭವನ ಹೊಂದುತ್ತವೆಂದು 1888ರ ವೇಳೆಗೆ ತೋರಿಸಿ ಜಗತ್ಪ್ರಸಿದ್ಧರಾದರು.

ದ್ಯುತಿವಿದ್ಯುತ್ ಪರಿಣಾಮದ ಮುಂದಿನ ಹಾದಿ

1888ರಲ್ಲಿ ಹಾಲ್‌ವಾಕ್ಸ್, ಋಣ ವಿದ್ಯುದಂಶ ಪಡೆದ ಸತುವಿನ ತಗಡು ನೇರಳಾತೀತ ಕಿರಣದಡಿ ಅದನ್ನು ಕಳೆದುಕೊಳ್ಳುವುದನ್ನು ತೋರಿಸಿದರು. ಹೊರಬೀಳುವ ಕಣಗಳು ಇಲೆಕ್ಟ್ರಾನುಗಳೆಂದು 1899ರಲ್ಲಿ ಜೆ. ಜೆ. ಥಾಮ್ಸನ್ ಗುರುತಿಸಿದರು. ಬಾನ್‌ನಲ್ಲಿ ಹರ್ಟ್ಜರ ಸಹಾಯಕರಾಗಿದ್ದ ಫಿಲಿಪ್ ಲೆನಾರ್ಡ್ 1902ರಲ್ಲಿ ಒಂದು ವಿಚಿತ್ರ ಸಂಗತಿಯನ್ನು ವರದಿ ಮಾಡಿದರು: ಬೆಳಕಿನ ತೀವ್ರತೆ ಹೆಚ್ಚಿಸಿದರೆ ಇಲೆಕ್ಟ್ರಾನುಗಳ ಸಂಖ್ಯೆ ಹೆಚ್ಚುತ್ತದೆಯೇ ಹೊರತು ಅವುಗಳ ಗರಿಷ್ಠ ಶಕ್ತಿ ಹೆಚ್ಚುವುದಿಲ್ಲ. ಅಲೆಯ ಸಿದ್ಧಾಂತದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಬೆಳಕು ಆವೃತ್ತಿಗೆ ಅನುಗುಣವಾದ ಶಕ್ತಿಯ ಪೊಟ್ಟಣಗಳಾಗಿ ಹೀರಲ್ಪಡುತ್ತದೆಂದು 1905ರಲ್ಲಿ ಐನ್‌ಸ್ಟೈನ್ ವಿವರಿಸಿದರು. ಈ ಕಲ್ಪನೆಯನ್ನು ನಂಬದ ಮಿಲಿಕನ್ ವರ್ಷಗಟ್ಟಲೆ ಅಳತೆ ಮಾಡಿ, 1916ರಲ್ಲಿ ಐನ್‌ಸ್ಟೈನರ ಸಮೀಕರಣ ಸರಿಯೆಂದೇ ತೋರಿಸಬೇಕಾಯಿತು. ಆ ಸಮೀಕರಣದಲ್ಲಿ ಬರುವ ಆವೃತ್ತಿಯ ಏಕಮಾನಕ್ಕೆ ಇಂದು ಹರ್ಟ್ಜ್ ಎಂದೇ ಹೆಸರು.

ಕೊನೆಯ ವರ್ಷಗಳು

1889ರಲ್ಲಿ ಕ್ಲಾಸಿಯಸ್ ಅವರ ಸ್ಥಾನಕ್ಕೆ ಬಾನ್ ವಿಶ್ವವಿದ್ಯಾಲಯಕ್ಕೆ ಬಂದ ಹರ್ಟ್ಜರನ್ನು 1892ರಿಂದ ಅನಾರೋಗ್ಯ ಕಾಡಿತು. ಶಸ್ತ್ರಚಿಕಿತ್ಸೆಗಳು ಫಲಿಸದೆ ತಮ್ಮ 36ನೆಯ ವಯಸ್ಸಿನಲ್ಲಿ ನಿಧನರಾದರು. ಅವರ ಯಂತ್ರಶಾಸ್ತ್ರದ ಗ್ರಂಥವು ಅದೇ ವರ್ಷ ಮರಣೋತ್ತರವಾಗಿ ಪ್ರಕಟವಾಯಿತು. ಅದನ್ನು ಅಚ್ಚಿಗೆ ಸಿದ್ಧಪಡಿಸಿದವರು ಲೆನಾರ್ಡ್. ಇದೇ ಲೆನಾರ್ಡ್ ಮುಂದೆ ನಾಜಿ ಪಕ್ಷದ ಬೆಂಬಲಿಗರಾಗಿ, ಯಹೂದಿ ವಿಜ್ಞಾನಿಗಳ ವಿರುದ್ಧ ನಿಂತರು. ನಾಜಿ ಆಳ್ವಿಕೆಯಲ್ಲಿ ಹರ್ಟ್ಜರ ಪತ್ನಿ ಮತ್ತು ಇಬ್ಬರು ಪುತ್ರಿಯರಾದ ಯೊಹಾನ್ನಾ ಹಾಗೂ ಮಟಿಲ್ಡೆ ಜರ್ಮನಿಯನ್ನು ತೊರೆದು ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ನೆಲೆಸಿದರು.