ಟೆಲಿಫೋನ್ ಬೆಲ್ ಅವರ ನೀರಿನ ಮೇಲೆದ್ದ ದೋಣಿ

ಟೆಲಿಫೋನ್ ಕಂಡುಹಿಡಿದವರು ಯಾರು ಎಂದು ಕೇಳಿದರೆ ಐದನೇ ತರಗತಿಯ ಮಗುವೂ ಅಲೆಕ್ಸಾಂಡರ್ ಗ್ರಹಾಂ ಬೆಲ್ ಎಂದು ಹೇಳುತ್ತದೆ. ಒಂದು ಅಂಕ ಸಿಗುತ್ತದೆ. ನಮ್ಮ ಮಟ್ಟಿಗೆ ಬೆಲ್ ಅವರ ಬದುಕು ಅಲ್ಲಿಗೇ ಮುಗಿಯುತ್ತದೆ. ಆದರೆ 1876ರ ಮಾರ್ಚ್ 7ರಂದು ಟೆಲಿಫೋನಿನ ಪೇಟೆಂಟ್ ಕೈಸೇರಿದಾಗ ಅವರಿಗೆ 29 ವರ್ಷ ತುಂಬಿ ನಾಲ್ಕು ದಿನವಾಗಿತ್ತು ಅಷ್ಟೆ. ಆಮೇಲೂ ಅವರು 46 ವರ್ಷ ಬದುಕಿದ್ದರು. ಆ ವರ್ಷಗಳಲ್ಲಿ, ಅದರಲ್ಲೂ ಮುಪ್ಪಿನಲ್ಲಿ, ತಮ್ಮ ಮನೆಯ ಜಾಗದಲ್ಲೇ ಇದ್ದ ಕಾರ್ಯಾಗಾರದಲ್ಲಿ ಅವರು ಏನು ಮಾಡುತ್ತಿದ್ದರು ಎಂಬುದನ್ನು ವಿಜ್ಞಾನ ವಿಭಾಗದ ವಿದ್ಯಾರ್ಥಿಗಳು, ಅದರಲ್ಲೂ ಪ್ರಾಕ್ಟಿಕಲ್ ಎಂದರೆ ಬೇಸರಪಡುವವರು, ತಿಳಿದುಕೊಳ್ಳಬೇಕು.

ಬೆಲ್ ಹುಟ್ಟಿದ್ದು 1847ರ ಮಾರ್ಚ್ 3ರಂದು, ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ. ತಾಯಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ತಂದೆ ಉಚ್ಚಾರಣೆಯನ್ನು ಕಲಿಸುವ ಶಿಕ್ಷಕರು. ಮನೆಯಲ್ಲಿ ಮೂವರು ಗಂಡುಮಕ್ಕಳು. ಕ್ಷಯರೋಗ 1867ರಲ್ಲಿ ತಮ್ಮನನ್ನೂ 1870ರಲ್ಲಿ ಅಣ್ಣನನ್ನೂ ಕೊಂಡೊಯ್ದಿತು. ಉಳಿದ ಒಬ್ಬ ಮಗನನ್ನಾದರೂ ಉಳಿಸಿಕೊಳ್ಳಬೇಕೆಂದು ತಂದೆತಾಯಿ ಹಡಗು ಹತ್ತಿ ಕೆನಡಾಕ್ಕೆ ಹೋದರು. ಮರುವರ್ಷವೇ ಬೆಲ್ ಅಮೆರಿಕದ ಬಾಸ್ಟನ್ನಿನಲ್ಲಿ ಕಿವುಡ ಮಕ್ಕಳಿಗೆ ಪಾಠ ಹೇಳುವ ಕೆಲಸಕ್ಕೆ ಸೇರಿದರು. ಅಲ್ಲಿ ಅವರ ಶಿಷ್ಯೆಯಾಗಿದ್ದ ಮೇಬಲ್ ಹಬರ್ಡ್ ಐದನೇ ವಯಸ್ಸಿನಲ್ಲಿ ಜ್ವರ ಬಂದು ಶ್ರವಣಶಕ್ತಿ ಕಳೆದುಕೊಂಡಿದ್ದ ಹುಡುಗಿ. ತುಟಿಯ ಚಲನೆ ನೋಡಿ ಮಾತು ತಿಳಿದುಕೊಳ್ಳುವುದರಲ್ಲಿ ನಿಪುಣೆ. 1877ರಲ್ಲಿ ಇಬ್ಬರಿಗೂ ಮದುವೆಯಾಯಿತು. ಟೆಲಿಫೋನ್ ಕಂಪನಿಯಲ್ಲಿ ತಮಗಿದ್ದ ಷೇರುಗಳಲ್ಲಿ ಹತ್ತನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನೆಲ್ಲ ಬೆಲ್ ಹೆಂಡತಿಯ ಹೆಸರಿಗೆ ಬರೆದುಕೊಟ್ಟರು. ಈ ಸಂಗತಿಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಟೆಲಿಫೋನಿನ ಹಕ್ಕಿಗಾಗಿ ನಡೆದ ನೂರಾರು ಮೊಕದ್ದಮೆಗಳು ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋದವು. ಆ ಕಥೆ ಪಠ್ಯಪುಸ್ತಕಗಳಲ್ಲಿ ಸಿಗುತ್ತದೆ, ಇಲ್ಲಿ ಬೇಡ. ಒಂದು ಮಾತನ್ನು ಮಾತ್ರ ಮುಚ್ಚಿಡಬಾರದು. ಕಿವುಡರು ಬಾಯಿಮಾತನ್ನೇ ಕಲಿಯಬೇಕು, ಶಾಲೆಗಳಲ್ಲಿ ಕೈಸನ್ನೆಯ ಭಾಷೆ ಬೇಡ ಎಂದು ಬೆಲ್ ಹಟ ಹಿಡಿದರು. ಅವರ ಉದ್ದೇಶ ಒಳ್ಳೆಯದೇ ಇದ್ದಿರಬಹುದು. ಆದರೆ ಸನ್ನೆಭಾಷೆಯನ್ನೇ ತಾಯಿನುಡಿಯಂತೆ ಕಾಣುವ ಕಿವುಡ ಸಮುದಾಯ ಅದನ್ನು ಇಂದಿಗೂ ಒಪ್ಪಿಲ್ಲ, ಅದರಲ್ಲಿ ನ್ಯಾಯವಿದೆ. ಹೆಲೆನ್ ಕೆಲ್ಲರ್‌ಗೆ ಗುರು ಸಿಗುವಂತೆ ದಾರಿ ತೋರಿಸಿದವರೂ ಇದೇ ಬೆಲ್.

1881ರಲ್ಲಿ ಅವರ ಗಂಡುಮಗು ಹುಟ್ಟಿದ ಕೆಲವೇ ಗಂಟೆಗಳಲ್ಲಿ ಉಸಿರಾಟದ ತೊಂದರೆಯಿಂದ ತೀರಿಕೊಂಡಿತು. ಬೆಲ್ ಕಾರ್ಯಾಗಾರಕ್ಕೆ ಹೋಗಿ ಎದೆಗೆ ತೊಡಿಸುವ ಲೋಹದ ಕವಚವೊಂದನ್ನು ಮಾಡಿದರು. ಅದರೊಳಗಿನ ಗಾಳಿಯ ಒತ್ತಡವನ್ನು ಏರಿಳಿಸಿದರೆ ಎದೆ ತಾನಾಗಿ ಹಿಗ್ಗಿ ಕುಗ್ಗುತ್ತಿತ್ತು. ಮುಂದೆ ಆಸ್ಪತ್ರೆಗಳಿಗೆ ಬಂದ ಉಸಿರಾಟದ ಯಂತ್ರಗಳಿಗೆ ಇದು ಹಿರಿಯಣ್ಣ. ಎರಡು ವರ್ಷದ ನಂತರ ಹುಟ್ಟಿದ ಇನ್ನೊಂದು ಗಂಡುಮಗುವೂ ಉಳಿಯಲಿಲ್ಲ. ಸಬರ್ ಎಂದರೆ ಸುಮ್ಮನೆ ಕೈಕಟ್ಟಿ ಕೂರುವುದಲ್ಲ ಎಂದು ನಮ್ಮ ಹಿರಿಯರು ಹೇಳುವುದುಂಟು. ಈ ಮನುಷ್ಯ ದುಃಖ ಬಂದಾಗಲೆಲ್ಲ ಉಪಕರಣ ಕೈಗೆತ್ತಿಕೊಳ್ಳುತ್ತಿದ್ದರು.

1885ರಲ್ಲಿ ಕೆನಡಾದ ಪೂರ್ವ ತುದಿಯ ನೋವಾ ಸ್ಕೋಷಿಯಾ ಪ್ರಾಂತಕ್ಕೆ ಹೋದಾಗ ಬ್ಯಾಡೆಕ್ ಎಂಬ ಊರು ಬೆಲ್ ದಂಪತಿಗೆ ತುಂಬ ಹಿಡಿಸಿತು. ಎದುರಿಗೆ ಬ್ರಾ ಡೋರ್ ಎಂಬ ವಿಶಾಲವಾದ ಉಪ್ಪುನೀರಿನ ಸರೋವರ, ಪಕ್ಕದಲ್ಲಿ ಗುಡ್ಡ. ಆ ಗುಡ್ಡದ ಮೇಲೆ ಮನೆ ಕಟ್ಟಿಸಿ ಬೆನ್ ವ್ರಿಯಾ ಎಂದು ಹೆಸರಿಟ್ಟರು. ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯಲ್ಲಿ ಚೆಲುವಾದ ಬೆಟ್ಟ ಎಂದರ್ಥ. ಕೆಳಗೆ ಕಾರ್ಯಾಗಾರ, ದೋಣಿಕಟ್ಟೆ, ಕುರಿದೊಡ್ಡಿ ಎಲ್ಲವೂ ಬಂದವು. ಹೌದು, ಕುರಿ ತಳಿಯ ಮೇಲೂ ಅವರು ವರ್ಷಗಟ್ಟಲೆ ಪ್ರಯೋಗ ಮಾಡಿದ್ದಾರೆ! ರಾತ್ರಿಯೆಲ್ಲ ಕೆಲಸ ಮಾಡಿ ಹಗಲು ತಡವಾಗಿ ಏಳುವುದು ಅವರ ಅಭ್ಯಾಸ. ತಮ್ಮ ಓದುಕೋಣೆಯಲ್ಲಿ ಮಾತ್ರ ಟೆಲಿಫೋನ್ ಇರಬಾರದು ಎಂಬುದು ಅವರದೇ ಕಟ್ಟುನಿಟ್ಟು.

1907ರ ಅಕ್ಟೋಬರ್ 1ರಂದು ಹಾರುವ ಯಂತ್ರ ಕಟ್ಟಲೆಂದು ಬೆಲ್ ನಾಲ್ವರು ಯುವಕರನ್ನು ಸೇರಿಸಿಕೊಂಡು ಒಂದು ಸಂಘ ಮಾಡಿದರು. ಅದಕ್ಕೆ 20,000 ಡಾಲರ್ ಕೊಟ್ಟವರು ಮೇಬಲ್. ಸಂಘದ ಸದಸ್ಯರಲ್ಲಿ ಸೆಲ್ಫ್ರಿಜ್ ಎಂಬ ಯುವ ಸೇನಾಧಿಕಾರಿ ಮರುವರ್ಷ ರೈಟ್ ಸೋದರರ ವಿಮಾನ ಬಿದ್ದು ಪ್ರಾಣ ಕಳೆದುಕೊಂಡರು. ಎಂಜಿನ್ ವಿಮಾನದ ಅಪಘಾತದಲ್ಲಿ ಸತ್ತ ಮೊದಲ ಮನುಷ್ಯ ಅವರೇ. ಆದರೂ 1909ರ ಫೆಬ್ರವರಿ 23ರಂದು ಬ್ಯಾಡೆಕ್‌ನ ಹೆಪ್ಪುಗಟ್ಟಿದ ನೀರಿನ ಮೇಲಿಂದ ಸಂಘದ ಸಿಲ್ವರ್ ಡಾರ್ಟ್ ವಿಮಾನ ಮೇಲೆದ್ದಿತು. ಮುಂದಿನ ತಿಂಗಳು ಸಂಘ ಮುಗಿಯಿತು. ಕೇಸಿ ಬಾಲ್ಡ್ವಿನ್ ಎಂಬ ಟೊರಾಂಟೊದ ಎಂಜಿನಿಯರ್ ಮಾತ್ರ ಬೆಲ್ ಅವರ ಜೊತೆಯಲ್ಲೇ ಉಳಿದರು. ಇಬ್ಬರ ನಡುವೆ 35 ವರ್ಷದ ಅಂತರ. ನಮ್ಮ ಕಥೆಯ ದೋಣಿ ಈ ಇಬ್ಬರದು.

ದೋಣಿ ನಿಧಾನವಾಗುವುದು ಏಕೆ? ಅದರ ಹೊಟ್ಟೆ ನೀರಿನಲ್ಲಿ ಮುಳುಗಿರುತ್ತದೆ, ನೀರು ತಡೆಯುತ್ತದೆ. ನೀರಿನ ಸಾಂದ್ರತೆ ಗಾಳಿಗಿಂತ ಸುಮಾರು 800 ಪಟ್ಟು ಹೆಚ್ಚು. ಹಾಗಾದರೆ ಇದನ್ನೇ ತಿರುಗಿಸಿ ಉಪಯೋಗಿಸಬಹುದಲ್ಲವೇ? ವಿಮಾನಕ್ಕೆ ಗಾಳಿಯಲ್ಲಿ ದೊಡ್ಡ ರೆಕ್ಕೆ ಬೇಕು, ನೀರಿನೊಳಗೆ ಅತಿ ಚಿಕ್ಕ ರೆಕ್ಕೆಯೇ ಅಷ್ಟು ಭಾರ ಹೊರಬಲ್ಲದು. ದೋಣಿಯ ಕೆಳಗೆ ಉಕ್ಕಿನ ರೆಕ್ಕೆಗಳನ್ನು ಕಟ್ಟಿ ವೇಗವಾಗಿ ಓಡಿಸಿದರೆ ದೋಣಿಯ ಹೊಟ್ಟೆ ಪೂರ್ತಿ ನೀರಿನಿಂದ ಮೇಲೇಳುತ್ತದೆ, ತಡೆ ಕಡಿಮೆಯಾಗುತ್ತದೆ. ಇದಕ್ಕೆ ಹೈಡ್ರೋಫಾಯಿಲ್ ಎನ್ನುತ್ತಾರೆ. ಇಟಲಿಯ ಎನ್ರಿಕೊ ಫೋರ್ಲಾನಿನಿ ಎಂಬವರು 1906ರಲ್ಲೇ ಇಂಥ ದೋಣಿಯನ್ನು ಮಜೊರೆ ಸರೋವರದಲ್ಲಿ ಓಡಿಸಿದ್ದರು. ಬೆಲ್ ಮತ್ತು ಬಾಲ್ಡ್ವಿನ್ 1908ರಿಂದ ಮಾದರಿಗಳನ್ನು ಮಾಡತೊಡಗಿದರು. 1910-11ರ ಲೋಕಸಂಚಾರದ ನಡುವೆ ಇಟಲಿಗೆ ಹೋಗಿ ಫೋರ್ಲಾನಿನಿಯವರ ದೋಣಿಯಲ್ಲಿ ಸ್ವತಃ ಕುಳಿತು ನೋಡಿ ಬಂದರು. ಇನ್ನೊಬ್ಬರು ತಮಗಿಂತ ಮುಂದಿದ್ದಾರೆ ಎಂದು ತಿಳಿದಾಗ 64ರ ಆಸುಪಾಸಿನ ಜಗತ್ಪ್ರಸಿದ್ಧ ಮನುಷ್ಯ ಅವರ ಬಳಿಗೇ ಹೋಗಿ ಕಲಿತು ಬಂದದ್ದು ನನಗೆ ಟೆಲಿಫೋನಿಗಿಂತ ದೊಡ್ಡದಾಗಿ ಕಾಣುತ್ತದೆ.

ರೆಕ್ಕೆಗಳನ್ನು ಏಣಿಯ ಹಾಗೆ ಒಂದರ ಮೇಲೊಂದು ಜೋಡಿಸಿದ್ದರು. ಮೇಲೆತ್ತುವ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ, ಅಂದರೆ ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ದೋಣಿ ನಿಧಾನವಾಗಿದ್ದಾಗ ಏಣಿಯ ಎಲ್ಲ ಮೆಟ್ಟಿಲುಗಳೂ ನೀರಿನಲ್ಲಿರುತ್ತವೆ. ವೇಗ ಹೆಚ್ಚಿದಂತೆ ದೋಣಿ ಏರಿ, ಮೇಲಿನ ಮೆಟ್ಟಿಲುಗಳು ಒಂದೊಂದಾಗಿ ಹೊರಬರುತ್ತವೆ. ಕೊನೆಗೆ ಕೆಳಗಿನ ಒಂದೆರಡು ಪಟ್ಟಿಗಳಷ್ಟೇ ಇಡೀ ಭಾರವನ್ನು ಹೊತ್ತಿರುತ್ತವೆ. ಯಾರೂ ಗುಂಡಿ ಒತ್ತಬೇಕಿಲ್ಲ, ಬೇಕಾದಷ್ಟೇ ರೆಕ್ಕೆ ನೀರಿನಲ್ಲಿ ಉಳಿಯುವಂತೆ ದೋಣಿ ತಾನೇ ನೋಡಿಕೊಳ್ಳುತ್ತದೆ.

ಬೋರ್ಡಿನ ಮೇಲೆ ಚಿತ್ರ ಬರೆದರೆ ಇದು ಐದು ನಿಮಿಷದ ಪಾಠ. ನೀರಿಗಿಳಿದಾಗ ತೊಂದರೆ ಬೇರೆ. ವೇಗವಾಗಿ ಓಡುವ ರೆಕ್ಕೆ ನೀರಿನ ಮೇಲ್ಮೈಗೆ ಹತ್ತಿರ ಬಂದರೆ ಮೇಲಿನ ಗಾಳಿಯನ್ನು ಕೆಳಗೆ ಎಳೆದುಕೊಳ್ಳುತ್ತದೆ, ಹಿಡಿತ ತಟ್ಟನೆ ತಪ್ಪುತ್ತದೆ, ದೋಣಿ ದಬ್ಬೆಂದು ಬೀಳುತ್ತದೆ. ಮಟ್ಟಸವಾಗಿ ಕೂರಿಸಿದ ರೆಕ್ಕೆಯಾದರೆ ಪೂರ್ತಿ ಒಮ್ಮೆಗೇ ಹೊರಬಂದು ಕುಲುಕುತ್ತದೆ. ಅದಕ್ಕೆ ರೆಕ್ಕೆಗಳನ್ನು ಓರೆಯಾಗಿ ಕೂರಿಸಿದರು, ತುದಿಯಿಂದ ಸ್ವಲ್ಪಸ್ವಲ್ಪವೇ ನೀರು ಬಿಡುವ ಹಾಗೆ. ಮೂತಿ ನೀರಿಗೆ ಚುಚ್ಚಿಕೊಳ್ಳದಂತೆ ಮುಂಭಾಗದಲ್ಲಿ ಇನ್ನೊಂದು ಏಣಿ ಇಟ್ಟರು. ಕೋನ ಹೆಚ್ಚಾದರೆ ಮೂತಿ ಮೇಲಕ್ಕೆ ಹಾರುತ್ತದೆ, ಕಡಿಮೆಯಾದರೆ ದೋಣಿ ಏಳುವುದೇ ಇಲ್ಲ. ಬಿಚ್ಚುವುದು, ತಿದ್ದುವುದು, ಮತ್ತೆ ಕಟ್ಟುವುದು, ಮತ್ತೆ ನೀರಿಗಿಳಿಸುವುದು. ಎಚ್‌ಡಿ-1 ಎಂಬ ದೋಣಿಯಿಂದ ಶುರುವಾಗಿ ಎಚ್‌ಡಿ-3ರವರೆಗೆ ಇದೇ ನಡೆಯಿತು. ಈ ನಡುವೆ ಮಹಾಯುದ್ಧ ಬಂತು. ಪ್ರತಿದಿನದ ಕೆಲಸ, ಲೆಕ್ಕ, ಚಿತ್ರ, ಛಾಯಾಚಿತ್ರ ಎಲ್ಲವನ್ನೂ ಬೆಲ್ ದಾಖಲು ಮಾಡಿಸಿಡುತ್ತಿದ್ದರು. ನಮ್ಮ ರೆಕಾರ್ಡ್ ಪುಸ್ತಕಗಳನ್ನು ಕೊನೆಯ ವಾರದಲ್ಲಿ ಬರೆಯುವವರು ಗಮನಿಸಬೇಕು.

ಇಂದಿಗೂ ಈ ವಿದ್ಯೆ ಹೀಗೆಯೇ ಇದೆ. ಮೂಲ್ಕಿ ಬಳಿಯ ಸಸಿಹಿತ್ಲು ಕಡಲತೀರದಲ್ಲಿ ಸರ್ಫಿಂಗ್ ಸ್ಪರ್ಧೆ ನೋಡಿದವರು ನಮ್ಮಲ್ಲೂ ಇರಬಹುದು. ಅಂಥ ಹಲಗೆಯ ಕೆಳಗೆ ಒಂದು ಕಂಬ, ಅದರ ತುದಿಯಲ್ಲಿ ಮುಂದೊಂದು ಹಿಂದೊಂದು ರೆಕ್ಕೆ ಕಟ್ಟಿದ ಫಾಯಿಲ್ ಹಲಗೆಗಳು ಈಗ ಲೋಕದೆಲ್ಲೆಡೆ ಓಡಾಡುತ್ತಿವೆ. ಅವನ್ನು ಇಟ್ಟುಕೊಂಡವರು ಮನೆಯ ಶೆಡ್ಡಿನಲ್ಲೇ ರಿಪೇರಿ ಮಾಡಿಕೊಳ್ಳುತ್ತಾರೆ. ಕಲ್ಲಿಗೆ ತಾಗಿ ರೆಕ್ಕೆಯ ಅಂಚು ಮುಕ್ಕಾದರೆ ಎಪಾಕ್ಸಿ ತುಂಬಿ, ಒಣಗಿಸಿ, ನುಣುಪಾದ ಉಜ್ಜುಕಾಗದದಿಂದ ನೀರು ಹಾಕಿ ಉಜ್ಜುತ್ತಾರೆ. ಓಡುವಾಗ ರೆಕ್ಕೆ ಗುಂಯ್ ಎಂದು ಸದ್ದು ಮಾಡಿದರೆ ಹಿಂದಿನ ಅಂಚನ್ನು ಮತ್ತೆ ಸರಿಮಾಡಬೇಕು. ಹಿಂದಿನ ರೆಕ್ಕೆಯ ಅಡಿಗೆ ಕಾಗದದಷ್ಟು ತೆಳುವಾದ ಬಿಲ್ಲೆಯನ್ನಿಟ್ಟು ಕೋನವನ್ನು ಅರ್ಧ ಡಿಗ್ರಿ ಬದಲಿಸಿದರೂ ಹಲಗೆಯ ನಡೆ ಬೇರೆಯಾಗುತ್ತದೆ. ಉಪ್ಪುನೀರಿನಿಂದ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆದು, ತಿರುಪುಗಳನ್ನು ಬಿಚ್ಚಿ ಗ್ರೀಸ್ ಹಚ್ಚದಿದ್ದರೆ ಬೇರೆಬೇರೆ ಲೋಹಗಳು ಒಂದಕ್ಕೊಂದು ಕಚ್ಚಿಕೊಂಡು ಮತ್ತೆ ಬಿಚ್ಚಲು ಬರುವುದಿಲ್ಲ. ರಸಾಯನಶಾಸ್ತ್ರದ ಸವೆತದ ಪಾಠ ಇಲ್ಲಿ ಕೈಗೆ ಸಿಗುತ್ತದೆ.

ಬ್ಯಾಡೆಕ್‌ಗೆ ಮರಳೋಣ. ನಾಲ್ಕನೆಯ ದೋಣಿ ಎಚ್‌ಡಿ-4, ಚುಟ್ಟಾದ ಆಕಾರದ 60 ಅಡಿ ಉದ್ದದ ಯಂತ್ರ. ನೀರನ್ನು ತಳ್ಳುವ ಬದಲು ವಿಮಾನದಂತೆ ಗಾಳಿಯನ್ನು ತಳ್ಳುವ ಎರಡು ದೊಡ್ಡ ಪಂಖಗಳು. ಮೊದಲು ರೆನೊ ಎಂಜಿನ್ ಹಾಕಿ ಗಂಟೆಗೆ 54 ಮೈಲಿ ಓಡಿಸಿದರು. ಅಷ್ಟಕ್ಕೇ ತೃಪ್ತರಾಗದೆ ಬೆಲ್ ಅಮೆರಿಕದ ನೌಕಾಪಡೆಗೆ ವರದಿ ಕಳಿಸಿ, 1919ರ ಜುಲೈಯಲ್ಲಿ ತಲಾ 350 ಅಶ್ವಶಕ್ತಿಯ ಎರಡು ಎಂಜಿನ್ ತರಿಸಿಕೊಂಡರು. 1919ರ ಸೆಪ್ಟೆಂಬರ್ 9ರಂದು ಬಾಲ್ಡ್ವಿನ್ ಅವರ ಕೈಯಲ್ಲಿ ಎಚ್‌ಡಿ-4 ಗಂಟೆಗೆ 70.86 ಮೈಲಿ, ಅಂದರೆ ಸುಮಾರು 114 ಕಿಲೋಮೀಟರ್ ವೇಗ ಮುಟ್ಟಿತು. ಆ ದಿನ ಜಗತ್ತಿನಲ್ಲಿ ನೀರಿನ ಮೇಲೆ ಅದಕ್ಕಿಂತ ವೇಗವಾಗಿ ಓಡಿದ್ದು ಇನ್ನೊಂದಿರಲಿಲ್ಲ. ಬೆಲ್ ಅವರಿಗೆ ಆಗ 72 ವರ್ಷ.

ದಾಖಲೆಯಾಯಿತು, ವ್ಯಾಪಾರವಾಗಲಿಲ್ಲ. ನೌಕಾಪಡೆಗಳ ಅಧಿಕಾರಿಗಳು ಬಂದು ನೋಡಿ ಮೆಚ್ಚಿಕೊಂಡು ಹೋದರು. ಆದರೆ ಯುದ್ಧ ಮುಗಿದಿತ್ತು, ಹಡಗುಗಳನ್ನು ಕಡಿಮೆ ಮಾಡುವ ಮಾತು ನಡೆದಿತ್ತು. ಒಂದೇ ಒಂದು ದೋಣಿಗೂ ಯಾರೂ ಬೇಡಿಕೆ ಸಲ್ಲಿಸಲಿಲ್ಲ. ಎಂಜಿನ್‌ಗಳನ್ನು ಕಳಚಿದ ಮೇಲೆ ಎಚ್‌ಡಿ-4ರ ಒಡಲು ಬೆಟ್ಟದ ಕೆಳಗಿನ ದಡದಲ್ಲಿ ಮಳೆಗೂ ಹಿಮಕ್ಕೂ ಮೈಯೊಡ್ಡಿ ಎಷ್ಟೋ ವರ್ಷ ಬಿದ್ದಿತ್ತು. ಅಳಿದುಳಿದ ಭಾಗ ಈಗ ಬ್ಯಾಡೆಕ್‌ನ ಬೆಲ್ ವಸ್ತುಸಂಗ್ರಹಾಲಯದಲ್ಲಿದೆ. ಕೆನಡಾದ ನೌಕಾಪಡೆ ತಾನೇ ಒಂದು ಹೈಡ್ರೋಫಾಯಿಲ್ ಹಡಗು ಕಟ್ಟಿ ಗಂಟೆಗೆ 117 ಕಿಲೋಮೀಟರ್ ಓಡಿಸಿದ್ದು 1969ರಲ್ಲಿ, ಎಚ್‌ಡಿ-4 ಓಡಿ ಐವತ್ತು ವರ್ಷದ ಮೇಲೆ. ಆ ಹಡಗಿಗೆ ಇಟ್ಟ ಹೆಸರು ಬ್ರಾ ಡೋರ್.

ದೋಣಿಗೆ ಕೊಳ್ಳುವವರು ಸಿಗದಿದ್ದರೂ ಬೆಲ್ ಕಾರ್ಯಾಗಾರವನ್ನು ಮುಚ್ಚಲಿಲ್ಲ. ಹೈಡ್ರೋಫಾಯಿಲ್‌ನ ಪೇಟೆಂಟ್‌ಗಳು ಅವರ ಮತ್ತು ಬಾಲ್ಡ್ವಿನ್ ಅವರ ಹೆಸರಿನಲ್ಲಿ 1922ರಲ್ಲಿ ಮಂಜೂರಾದವು. ಆ ವರ್ಷವೇ ಸಕ್ಕರೆ ಕಾಯಿಲೆ ಉಲ್ಬಣಿಸಿ, ಆಗಸ್ಟ್ 2ರಂದು, ಬೆಟ್ಟದ ಮೇಲಿನ ಆ ಮನೆಯಲ್ಲಿ ಅವರು ತೀರಿಕೊಂಡರು. ಮೇಬಲ್ ಪಕ್ಕದಲ್ಲಿದ್ದರು. ಅವರೂ ಐದು ತಿಂಗಳ ನಂತರ, 1923ರ ಜನವರಿಯಲ್ಲಿ ಹೋದರು. ಬೆಲ್ ಅವರನ್ನು ಮಣ್ಣು ಮಾಡುವ ಹೊತ್ತಿಗೆ ಉತ್ತರ ಅಮೆರಿಕದ ಟೆಲಿಫೋನ್‌ಗಳೆಲ್ಲ ಒಂದು ನಿಮಿಷ ನಿಂತವು. ಶವಪೆಟ್ಟಿಗೆಯನ್ನು ಹೊರಗಿನಿಂದ ತರಿಸಿರಲಿಲ್ಲ. ಆ ಬೆಟ್ಟದಲ್ಲೇ ಬೆಳೆದ ಪೈನ್ ಮರದ ಹಲಗೆಗಳಿಂದ ಕಾರ್ಯಾಗಾರದ ಕೆಲಸಗಾರರೇ ಅದನ್ನು ಮಾಡಿ, ಒಳಗೆ ಬೆಲ್ ಅವರ ಗಾಳಿಪಟಗಳಿಗೆ ಬಳಸುತ್ತಿದ್ದ ಕೆಂಪು ರೇಷ್ಮೆ ಬಟ್ಟೆಯನ್ನು ಹಾಸಿದ್ದರು.