ದಾದಿಯರ ನೋಂದಣಿ ಮತ್ತು ಎಥೆಲ್ ಫೆನ್ವಿಕ್

ದಾದಿಯ ವೃತ್ತಿ ಎಂದೊಡನೆ ನಮಗೆಲ್ಲ ನೆನಪಾಗುವವಳು ಕೈಯಲ್ಲಿ ದೀಪ ಹಿಡಿದ ಫ್ಲಾರೆನ್ಸ್ ನೈಟಿಂಗೇಲ್. ಶಾಲೆಯ ಪಾಠದಿಂದ ಹಿಡಿದು ದವಾಖಾನೆಯ ಗೋಡೆಯ ಚಿತ್ರದವರೆಗೆ ಆ ಮಹಾತಾಯಿಯ ಹೆಸರು ಹಬ್ಬಿದೆ. ಆದರೆ ಆಕೆ ಒಪ್ಪದೆ ಹೋದ ಒಂದು ಸುಧಾರಣೆಗಾಗಿ ೩೨ ವರ್ಷ ಹೋರಾಡಿ ಗೆದ್ದ ಇನ್ನೊಬ್ಬ ಮಹಿಳೆಯುಂಟು. ಆಕೆಯೇ ಎಥೆಲ್ ಗಾರ್ಡನ್ ಫೆನ್ವಿಕ್. ದಾದಿಯರ ಲೋಕದಲ್ಲಿ ಪ್ರಖ್ಯಾತವಾದ ಈ ಹೆಸರು ಹೊರಗಿನ ನಮಗೆ ಅಷ್ಟಾಗಿ ಪರಿಚಿತವಲ್ಲ.

ಇದನ್ನು ಬರೆಯಲು ನನಗೊಂದು ಕಾರಣವೂ ಇದೆ. ನಮ್ಮೂರು ರೋಣದ ಸೀಮೆಯ ಅಬ್ಬಿಗೇರಿ. ಅಲ್ಲಿ ನನ್ನೊಡನೆ ಓದಿದ ಗೆಳತಿಯೊಬ್ಬಳು ದಾದಿಯಾಗಬೇಕೆಂದು ದೂರದ ಊರಿನ ಒಂದು ಶಾಲೆಯನ್ನು ಸೇರಿದಳು. ತಂದೆ ಹೊಲ ಒತ್ತೆಯಿಟ್ಟು ಫೀ ಕಟ್ಟಿದರು. ಮೂರು ವರ್ಷ ಕಳೆದ ಮೇಲೆ ತಿಳಿದುಬಂದುದೇನೆಂದರೆ, ಆ ಶಾಲೆಯ ಪ್ರಮಾಣಪತ್ರದ ಮೇಲೆ ದಾದಿಯರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಲು ಬರುವುದಿಲ್ಲ! ಸೇರುವ ದಿನ ಆ ಮಾತನ್ನು ಯಾರೂ ಹೇಳಿರಲಿಲ್ಲ. ಕೇಳಬೇಕೆಂಬುದು ಇವರಿಗೂ ತಿಳಿದಿರಲಿಲ್ಲ. ಈ ನೋಂದಣಿ ಎಂದರೇನು, ಅದನ್ನು ತಂದವರಾರು ಎಂದು ನಾನು ಹುಡುಕಲು ತೊಡಗಿದುದು ಆಮೇಲೆ.

ಎಥೆಲ್ ಜನಿಸಿದುದು ೧೮೫೭ನೆಯ ಇಸವಿ ಜನವರಿ ೨೬ರಂದು, ಸ್ಕಾಟ್ಲೆಂಡಿನ ಎಲ್ಗಿನ್ ಪಟ್ಟಣದ ಬಳಿ. ತವರಿನ ಹೆಸರು ಮ್ಯಾನ್ಸನ್. ಎಳವೆಯಲ್ಲಿಯೇ ತಂದೆ ತೀರಿಕೊಂಡರು. ತಾಯಿ ಪಾರ್ಲಿಮೆಂಟಿನ ಸದಸ್ಯರೊಬ್ಬರನ್ನು ಮರುಮದುವೆಯಾದುದರಿಂದ ಮಗಳು ಸಿರಿವಂತರ ಮನೆಯಲ್ಲಿ ಬೆಳೆದಳು. ೨೧ನೆಯ ವಯಸ್ಸಿಗೆ ನಾಟಿಂಗ್‌ಹ್ಯಾಮಿನ ಮಕ್ಕಳ ಆಸ್ಪತ್ರೆಯಲ್ಲಿ ಶುಶ್ರೂಷೆ ಕಲಿಯಲು ನಿಂತಳು. ಅಲ್ಲಿಂದ ಮ್ಯಾಂಚೆಸ್ಟರಿಗೆ, ಅಲ್ಲಿಂದ ಲಂಡನ್ನಿಗೆ. ೧೮೮೧ರಲ್ಲಿ ಪುರಾತನವಾದ ಸೇಂಟ್ ಬಾರ್ಥಲೋಮ್ಯೂ ಆಸ್ಪತ್ರೆ ಆಕೆಯನ್ನು ಮೇಟ್ರನ್ ಪದವಿಗೆ ಆರಿಸಿತು. ಆಗ ವಯಸ್ಸು ೨೪. ಆ ವಯಸ್ಸಿನಲ್ಲಿ ನಮ್ಮಲ್ಲಿ ಅನೇಕರು ಎಂ.ಎ. ಮುಗಿಸಿ ಅರ್ಜಿ ಬರೆಯುತ್ತ ಕುಳಿತಿರುತ್ತೇವೆ. ಆಕೆಯಾದರೋ ದಾದಿಯರ ತರಬೇತಿಯನ್ನು ಮೂರು ವರ್ಷಕ್ಕೆ ಏರಿಸಿದಳು.

೧೮೮೭ರಲ್ಲಿ ಡಾಕ್ಟರ್ ಬೆಡ್‌ಫರ್ಡ್ ಫೆನ್ವಿಕ್ಕರೊಡನೆ ವಿವಾಹವಾಗಿ ಕೆಲಸ ಬಿಟ್ಟಳು. ಬಿಟ್ಟದ್ದು ಕೆಲಸವನ್ನಷ್ಟೆ. ಅದೇ ವರ್ಷ ತನ್ನ ಮನೆಯಲ್ಲಿ ಕೆಲವರನ್ನು ಕೂಡಿಸಿ ಬ್ರಿಟಿಷ್ ದಾದಿಯರ ಸಂಘವನ್ನು ಕಟ್ಟಿದಳು. ವಿಕ್ಟೋರಿಯಾ ರಾಣಿಯ ಮಗಳೇ ಅದರ ಅಧ್ಯಕ್ಷಳಾದಳು.

ಆಕೆಯ ಬೇಡಿಕೆ ಸರಳವಾದುದು. ಆ ಕಾಲದಲ್ಲಿ ಬಿಳಿಯ ಬಟ್ಟೆ ತೊಟ್ಟ ಯಾರಾದರೂ ತಾನು ದಾದಿಯೆಂದು ಹೇಳಿಕೊಳ್ಳಬಹುದಾಗಿತ್ತು. ತರಬೇತಿ ಒಂದೆಡೆ ಒಂದು ವರ್ಷ, ಇನ್ನೊಂದೆಡೆ ಎರಡು, ಮತ್ತೊಂದೆಡೆ ಮೂರು. ಪ್ರಮಾಣಪತ್ರಕ್ಕೆ ಏನು ಬೆಲೆಯೆಂಬುದು ರೋಗಿಗೂ ತಿಳಿಯದು, ಕಲಿಯಲು ಬಂದ ಹುಡುಗಿಗೂ ತಿಳಿಯದು. ಆದ್ದರಿಂದ ಎಲ್ಲರಿಗೂ ಒಂದೇ ಅಳತೆಯ ಶಿಕ್ಷಣ, ಒಂದೇ ಪರೀಕ್ಷೆ ಇರಬೇಕು. ತೇರ್ಗಡೆಯಾದವರ ಹೆಸರು ಕಾನೂನಿನ ರಿಜಿಸ್ಟರಿನಲ್ಲಿರಬೇಕು ಎಂಬುದೇ ಆಕೆಯ ವಾದ.

ಇದನ್ನು ನೈಟಿಂಗೇಲ್ ವಿರೋಧಿಸಿದಳು. ದಾದಿಯ ಶೀಲವನ್ನು, ಕರುಣೆಯನ್ನು ಪರೀಕ್ಷೆಯಿಂದ ಅಳೆಯುವಂತಿಲ್ಲ, ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಒಳ್ಳೆಯ ದಾದಿಯಾಗಳು ಎಂಬುದು ಆಕೆಯ ನಿಲುವು. ಈ ಸಂದೇಹ ತಳ್ಳಿಹಾಕುವಂಥದಲ್ಲ. ಆದರೆ ಪಟ್ಟಿಯೇ ಇಲ್ಲದಿದ್ದರೆ ಮೋಸಹೋಗುವವರು ಯಾರು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲವೆಂದು ನನಗೆ ತೋರುತ್ತದೆ. ಲಂಡನ್ ಆಸ್ಪತ್ರೆಯ ಮೇಟ್ರನ್ ಈವಾ ಲ್ಯೂಕ್ಸ್ ಮೊದಲಾದವರೂ ವಿರೋಧಿಗಳ ಕಡೆಗಿದ್ದರು.

೧೮೯೩ರಲ್ಲಿ ಸಂಘಕ್ಕೆ ರಾಜಸನ್ನದು ದೊರೆಯಿತಾದರೂ ಅದರಿಂದ ಬಂದುದು ಬರಿಯ ಹೆಸರುಗಳ ಯಾದಿ ಇಡುವ ಹಕ್ಕು, ಕಾನೂನಿನ ಬಲವಿಲ್ಲ. ಕೆಲಕಾಲದಲ್ಲಿ ಸಂಘವೂ ಆಕೆಯ ಕೈಬಿಟ್ಟಿತು. ಆಕೆ ಎದೆಗುಂದಲಿಲ್ಲ. ದಾದಿಯರ ಪತ್ರಿಕೆಯೊಂದರ ಸಂಪಾದಕಿಯಾಗಿ ದಶಕಗಳ ಕಾಲ ಬರೆದಳು. ೧೮೯೯ರಲ್ಲಿ ಅಂತರರಾಷ್ಟ್ರೀಯ ದಾದಿಯರ ಪರಿಷತ್ತನ್ನು ಸ್ಥಾಪಿಸಿದಳು. ಎರಡೇ ವರ್ಷದಲ್ಲಿ, ೧೯೦೧ರಲ್ಲಿ, ದೂರದ ನ್ಯೂಜಿಲೆಂಡ್ ನೋಂದಣಿಯ ಕಾನೂನು ಮಾಡಿತು. ಇಂಗ್ಲೆಂಡಿನಲ್ಲಿ ಮಸೂದೆಯ ಮೇಲೆ ಮಸೂದೆ ಬಿದ್ದುಹೋದವು. ನೈಟಿಂಗೇಲ್ ೧೯೧೦ರಲ್ಲಿ ತೀರಿಕೊಂಡಳು. ಮಹಾಯುದ್ಧ ಬಂದು ಹೋಯಿತು. ಕೊನೆಗೆ ೧೯೧೯ರ ಡಿಸೆಂಬರಿನಲ್ಲಿ ಕಾನೂನಾಯಿತು. ೧೯೨೧ರಲ್ಲಿ ರಿಜಿಸ್ಟರ್ ತೆರೆದಾಗ ಒಂದನೆಯ ನಂಬರು ಎಥೆಲ್ ಫೆನ್ವಿಕ್ಕಳದು.

ಇಲ್ಲಿಗೆ ಕಥೆ ಸುಖಾಂತವಾಗಲಿಲ್ಲ. ಬಂದ ಅರ್ಜಿಗಳನ್ನು ಆಕೆ ಒಂದೊಂದಾಗಿ ಜರಡಿ ಹಿಡಿದುದರಿಂದ ಕೆಲಸ ನಿಧಾನವಾಗಿ ಸಹೋದ್ಯೋಗಿಗಳು ಬೇಸತ್ತರು. ಮುಂದೆ ನಡೆದ ಮೊದಲ ಚುನಾವಣೆಯಲ್ಲಿ ದಾದಿಯರೇ ಆಕೆಯನ್ನು ಸೋಲಿಸಿದರು. ಉಚ್ಚ ಕುಲದ, ಸುಶಿಕ್ಷಿತ ಹೆಣ್ಣುಮಕ್ಕಳೇ ಈ ವೃತ್ತಿಗೆ ಬರಬೇಕೆಂಬ ಹಟವೂ ಆಕೆಗಿತ್ತು. ನನ್ನ ಗೆಳತಿಯಂಥ ಒಕ್ಕಲಿಗನ ಮಗಳು ಆಕೆಯ ಕಣ್ಣಿಗೆ ಬೀಳುತ್ತಿದ್ದಳೋ ಇಲ್ಲವೋ ಹೇಳಲಾರೆ.

ಆಕೆ ಮಡಿದದ್ದು ೧೯೪೭ರ ಮಾರ್ಚ್ ೧೩ರಂದು. ಅದೇ ವರ್ಷದ ಕೊನೆಯ ದಿನ ಭಾರತೀಯ ನರ್ಸಿಂಗ್ ಪರಿಷತ್ತಿನ ಕಾನೂನು ಹೊರಟಿತು. ಅದಕ್ಕೂ ಮುಂಚೆ ೧೯೨೬ರಲ್ಲಿ ಮದರಾಸಿನಲ್ಲಿ, ೧೯೩೫ರಲ್ಲಿ ಮುಂಬಯಿ ಪ್ರಾಂತದಲ್ಲಿ ನೋಂದಣಿಯ ಕಾನೂನುಗಳಾಗಿದ್ದವು. ಅಬ್ಬಿಗೇರಿ ಆಗ ಧಾರವಾಡ ಜಿಲ್ಲೆಯಲ್ಲಿ, ಎಂದರೆ ಮುಂಬಯಿಯ ಆಡಳಿತದಲ್ಲಿತ್ತು. ಏಕೀಕರಣದ ಬಳಿಕ ೧೯೬೧ರಲ್ಲಿ ನಮ್ಮ ರಾಜ್ಯಕ್ಕೇ ಒಂದು ಕಾನೂನು ಬಂದಿತು. ಹಾಗಿದ್ದೂ ೨೦೧೭ರಲ್ಲಿ, ಇಲ್ಲಿಯ ಕಾಲೇಜುಗಳಿಗೆ ಮಾನ್ಯತೆ ಕೊಡುವವರು ದಿಲ್ಲಿಯವರೋ ರಾಜ್ಯದವರೋ ಎಂಬ ವಿವಾದ ಹೈಕೋರ್ಟಿನವರೆಗೆ ಹೋಗಿ, ಪರರಾಜ್ಯದಿಂದ ಬಂದ ವಿದ್ಯಾರ್ಥಿನಿಯರು ತಮ್ಮ ಪದವಿ ತಮ್ಮೂರಿನಲ್ಲಿ ನಡೆದೀತೇ ಎಂದು ಕಳವಳಪಟ್ಟರು. ೨೦೨೩ರಲ್ಲಿ ಪಾರ್ಲಿಮೆಂಟು ಹೊಸ ಕಾನೂನನ್ನೇ ಅಂಗೀಕರಿಸಿತು.

ನನ್ನ ಗೆಳತಿ ಈ ವರ್ಷ ಬೇರೊಂದು ಶಾಲೆಯಲ್ಲಿ ಮೊದಲಿನಿಂದ ಕಲಿಯಲು ಕುಳಿತಿದ್ದಾಳೆ. ಈ ಸಲ ಫೀ ಕಟ್ಟುವ ಮುನ್ನ ತಂದೆ ಮಗಳಿಬ್ಬರೂ ಬೆಂಗಳೂರಿಗೆ ಹೋಗಿ, ಶಾಲೆಯ ಹೆಸರು ಪಟ್ಟಿಯಲ್ಲಿದೆಯೆ ಎಂದು ಪರಿಷತ್ತಿನ ಕಚೇರಿಯಲ್ಲಿ ಕೇಳಿ, ಕಣ್ಣಾರೆ ನೋಡಿಕೊಂಡು ಬಂದರು.